ತೋಟದ ದಡದಲ್ಲಿ ನಿಂತ ದೋಣಿ

ಮೊನ್ನೆ ರಾಮನಗರದ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಸ್ಕೂಟರ್ ನಿಲ್ಲಿಸಿಕೊಂಡಿದ್ದಳು. ಕಾಲ ಬಳಿ ಹಿಪ್ಪುನೇರಳೆ ಸೊಪ್ಪಿನ ಒಂದು ಮೂಟೆ, ಹಿಂದಿನ ಸೀಟಿನ ಮೇಲೆ ಇನ್ನೊಂದು. ಎರಡಕ್ಕೂ ಒದ್ದೆ ಗೋಣಿಚೀಲ ಹೊದಿಸಿದ್ದಳು. ಬಂಕಿನವನು ಪೈಪನ್ನು ಟ್ಯಾಂಕಿಗೆ ಇಟ್ಟ. ಹಸಿ ಸೊಪ್ಪಿನ ವಾಸನೆಯ ಮೇಲೆ ಪೆಟ್ರೋಲಿನ ವಾಸನೆ ಏರಿತು. ನಾನು ನನ್ನ ಗಾಡಿಯನ್ನು ಸಾಲಿನಲ್ಲೇ ಬಿಟ್ಟು, ಗಾಳಿ ತುಂಬುವ ಯಂತ್ರದ ಹಿಂದೆ ಹೋಗಿ ಗೋಡೆ ಹಿಡಿದು ನಿಂತೆ. ಹಿಂದಿನವರು ಹಾರನ್ ಹೊಡೆಯುತ್ತಲೇ ಇದ್ದರು.

ಈ ಎರಡು ವಾಸನೆಗಳು ನನ್ನ ಬದುಕಿನಲ್ಲಿ ಒಟ್ಟಿಗೆ ಇದ್ದದ್ದು ಒಂದೇ ವರ್ಷ, ಅದರಲ್ಲೂ ನಾಲ್ಕು ತಿಂಗಳು. ಆ ವರ್ಷ ನಾವು ಮೋಟಾರು ದೋಣಿ ತಂದೆವು. ಆ ವರ್ಷವೇ ನನ್ನ ಅತ್ತಿಗೆ ಗೌರಮ್ಮ ಸತ್ತಳು. ಅವಳಿಗೆ ದೋಣಿ ಬೇಕಾದ ಹೊತ್ತಿನಲ್ಲಿ ದೋಣಿ ಎದುರು ದಡದಲ್ಲಿತ್ತು. ಇಷ್ಟು ಖಚಿತ. ಉಳಿದದ್ದನ್ನು ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹೇಳಿ ಹೇಳಿ ಚನ್ನಪಟ್ಟಣದ ಗೊಂಬೆಯಷ್ಟು ನಯ ಮಾಡಿಬಿಟ್ಟಿದ್ದೇನೆ. ಎಲ್ಲಿ ಹಿಡಿದರೂ ಕೈಗೆ ಚುಚ್ಚುವುದಿಲ್ಲ. ಚುಚ್ಚಬೇಕಾದ ಕಡೆ ಚುಚ್ಚುವ ಹಾಗೆ ಇನ್ನೊಂದು ಸಲ ಹೇಳಲು ನೋಡುತ್ತೇನೆ. ದೋಣಿ ಆ ದಡದಲ್ಲಿ ಇರಲಿ ಎಂದು ಹೇಳಿದವರು ಯಾರು? ನಾನು ಕೇಳಿಕೊಳ್ಳಬೇಕಾಗಿರುವುದು ಇದೊಂದೇ.

ನಮ್ಮೂರು ರಾಮನಗರಕ್ಕೂ ಮಾಗಡಿಗೂ ನಡುವೆ, ಒಂದು ಜಲಾಶಯದ ಹಿನ್ನೀರಿನ ಅಂಚಿನಲ್ಲಿದೆ. ಬೆನ್ನಿಗೆ ಬಂಡೆಗುಡ್ಡ, ಎದುರಿಗೆ ನೀರು. ಅಣೆಕಟ್ಟು ಕಟ್ಟಿದಾಗ ಊರು ಒಂದು ದಡಕ್ಕೆ ಉಳಿಯಿತು, ನಮ್ಮ ಒಳ್ಳೆಯ ಹೊಲ ಇನ್ನೊಂದು ದಡಕ್ಕೆ ಬಿತ್ತು. ಬಸ್ಸು ಓಡಾಡುವ ಟಾರು ರಸ್ತೆಯೂ ಹೊಲದ ಕಡೆಗೇ. ಊರಿನಿಂದ ಆ ರಸ್ತೆಗೆ ನಡೆದೇ ಹೋಗಬೇಕೆಂದರೆ ಗುಡ್ಡ ಬಳಸಿ, ಕಲ್ಲು ಕ್ವಾರಿ ಹಾದು ಆರು ಮೈಲಿ. ನೀರಿನ ಮೇಲೆ ಒಂದು ಮೈಲಿಯೂ ಇಲ್ಲ. ನೀರಿನ ಮೇಲೆ ಹೋಗಲು ಇದ್ದದ್ದು ಕಾಳಯ್ಯನ ಹರಿಗೋಲು ಒಂದೇ.

ರೇಷ್ಮೆ ಗೂಡಿಗೆ ಬೆಲೆ ಏರಿದ ವರ್ಷಗಳು ಅವು. ರಾಗಿ ಬೆಳೆಯುತ್ತಿದ್ದ ಕಡೆಯೆಲ್ಲ ಹಿಪ್ಪುನೇರಳೆ ಕಡ್ಡಿ ನೆಟ್ಟರು. ಹೆಂಚು ತಂದವರು ಮೊದಲು ಹುಳುವಿನ ಮನೆಗೆ ಹೊದಿಸಿ, ಮಿಕ್ಕರೆ ತಾವು ಮಲಗುವ ಮನೆಗೆ ಹೊದಿಸಿದರು. ನನ್ನ ಅಣ್ಣ ಬೋರೇಗೌಡ ಎದುರು ದಡದ ಹೊಲವನ್ನು ಪೂರ್ತಿ ಕಡ್ಡಿ ತೋಟ ಮಾಡಿದ. ಹುಳುವಿನ ಮನೆ ಮಾತ್ರ ಊರಿನಲ್ಲೇ ಇತ್ತು, ಏಕೆಂದರೆ ಹುಳು ಸಾಕುವ ಅತ್ತಿಗೆ ಊರಿನಲ್ಲಿದ್ದಳು. ಸೊಪ್ಪು ಅಲ್ಲಿ, ಬಾಯಿ ಇಲ್ಲಿ, ನಡುವೆ ನೀರು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಏಳೆಂಟು ದಿನ ಅದಕ್ಕೆ ತಿನ್ನುವುದೊಂದೇ ಕೆಲಸ. ಆಗ ಕಾಳಯ್ಯ ದಿನಕ್ಕೆ ಹತ್ತು ಸಲ ದಾಟಿದರೂ ಸಾಲದು. ಅವನು ಮುಟ್ಟುವಷ್ಟರಲ್ಲಿ ಮೇಲಿನ ಸೊಪ್ಪು ಬಿಸಿಲಿಗೆ ಬಾಡಿರುತ್ತಿತ್ತು, ಕೆಳಗಿನದು ಬೆವೆತಿರುತ್ತಿತ್ತು.

ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ನಿಜಕ್ಕೂ ನನಗೆ ಹಾಗೆ ಕೇಳಿಸಿತ್ತೇ ಎಂದು ಈಗ ಅನುಮಾನ. ಆ ಕತ್ತಲ ಕೋಣೆಯಲ್ಲಿ ನನಗೆ ಕೇಳಿಸುತ್ತಿದ್ದದ್ದು ಅತ್ತಿಗೆಯ ಗದರಿಕೆ. ಬೀಡಿ ಸೇದಿದವನು ಒಳಗೆ ಬರಬಾರದು. ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡವನು ಬರಬಾರದು. ಒಗ್ಗರಣೆ ಹಾಕಿದ ಕೈ ತೊಳೆಯದೆ ತಟ್ಟೆ ಮುಟ್ಟಬಾರದು. ಮುಟ್ಟಾದ ಹೆಂಗಸು ಹೊಸ್ತಿಲು ದಾಟಬಾರದು. ಈ ಕೊನೆಯದರಲ್ಲಿ ಅತ್ತಿಗೆ ತನಗೂ ವಿನಾಯಿತಿ ಕೊಟ್ಟುಕೊಳ್ಳುತ್ತಿರಲಿಲ್ಲ. ಆ ದಿನಗಳಲ್ಲಿ ಹೊರಗೆ ಕಿಟಕಿಯ ಕೆಳಗೆ ಕೂತು, "ಮೂರ್ನೇ ತಟ್ಟೆಗೆ ಎಳೇ ಸೊಪ್ಪು ಆಕಿ, ಆ ಮೂಲೇದು ತಿರುಗ್ಸಿ" ಎಂದು ಅಣ್ಣನಿಗೆ ಕೂಗಿ ಹೇಳುತ್ತಿದ್ದಳು. ಅಣ್ಣ ಒಳಗೆ ತಡವರಿಸುತ್ತಿದ್ದ. ಹುಳು ಹಣ್ಣಾಗುವ, ಅಂದರೆ ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವ ದಿನ ಮಾತ್ರ ಕಿಟಕಿಯಿಂದ ಹೇಳಿಕೊಟ್ಟು ಆಗುತ್ತಿರಲಿಲ್ಲ. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಯಾವುದು ಹಣ್ಣಾಗಿದೆ, ಯಾವುದಕ್ಕೆ ಇನ್ನೊಂದು ಹೊತ್ತಿನ ಹಸಿವಿದೆ ಎಂಬುದು ನಮ್ಮ ಮನೆಯಲ್ಲಿ ಅವಳ ಕಣ್ಣಿಗೆ ಮಾತ್ರ ಕಾಣುತ್ತಿತ್ತು.

ದೋಣಿಯ ಯೋಚನೆ ಅಣ್ಣನದು. ಗೂಡಿನ ಮಾರುಕಟ್ಟೆಯಲ್ಲಿ ಅದನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ಬಾಬಾಜಾನ್ ಸಾಬರ ಹತ್ತಿರ. ಸಾಬರು ರಾಮನಗರದಲ್ಲಿ ನೂಲು ತೆಗೆಸುವವರು, ನಮ್ಮ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹರಾಜು ಕೂಗುವವರು.

"ಏನ್ ಗೌಡ್ರೇ, ನಿಮ್ ಹುಳಕ್ಕೆ ಹಡಗ್ ಬೇಕಾ? ಇವತ್ತು ಹಡಗು ಕೊಡ್ಸಿದ್ರೆ ನಾಳೆ ಇಮಾನ ಕೇಳ್ತವೆ, ಹುಷಾರು."

"ಹಡಗಲ್ಲ ಸಾಬ್ರೇ, ದೋಣಿ. ಸೊಪ್ಪು ಬಾಡ್ದಂಗೆ ಬಂದ್ರೆ ಸಾಕು."

"ನಮ್ ಭಾಮೈದ ಅವ್ನೆ ಬೆಂಗ್ಳೂರಾಗೆ. ಹಳೇ ಮೋಟ್ರು ವ್ಯಾಪಾರ. ಬಾವೀದೂ ಸಿಗ್ತದೆ, ಸಮುದ್ರದ್ದೂ ಸಿಗ್ತದೆ. ನಡೀರಿ, ನಾನೇ ಬತ್ತೀನಿ."

ಹೊರಡುವ ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಿದೆ: "ತಳ ಅಗ್ಲ ಇರೋದು ತನ್ನಿ. ಮ್ಯಾಲೆ ನೆಳ್ಳು ಮಾಡಂಗಿರ್ಬೇಕು. ಬಣ್ಣ ಗಿಣ್ಣ ನೋಡ್ಬ್ಯಾಡಿ. ನಿಮ್ಮಿಬ್ರನ್ನೂ ನಾ ಕಂಡಿಲ್ವಾ?"

ಬೆಂಗಳೂರಿನ ಆ ಗುಜರಿ ಅಂಗಳದಲ್ಲಿ ಮೂರು ದೋಣಿಗಳಿದ್ದವು. ಒಂದು ತಗಡಿನದು, ಯಾವುದೋ ಇಲಾಖೆ ಹರಾಜು ಹಾಕಿದ್ದು. ತಳ ಚಪ್ಪಟೆ, ಹೊಟ್ಟೆ ಅಗಲ, ತಾರು ಬಳಿದು ಬಳಿದು ಎಮ್ಮೆಯ ಬಣ್ಣ. ಅದರ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕು, ನಮ್ಮೂರ ಪಂಪ್‌ಸೆಟ್ಟಿಗೆ ತಿರುಗಿಸುವ ಹಾಗೆಯೇ. ಇನ್ನೊಂದು ಮರದ್ದು, ಪಕ್ಕ ಬಿರುಕು ಬಿಟ್ಟಿತ್ತು. ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಮೂರನೆಯದು ಫೈಬರಿನದು. ಕೆಂಪು, ಮೂತಿ ಚೂಪು, ಹಿಂದೆ ತಗುಲಿಹಾಕುವ ಪೆಟ್ರೋಲ್ ಮೋಟಾರು.

"ಎಮ್ಮೆ ಇದ್ದಂಗೈತೆ, ಇದೇ ಸರಿ," ಎಂದು ಅಣ್ಣ ತಗಡಿನ ದೋಣಿಯ ಬೆನ್ನು ತಟ್ಟಿದ.

"ಎಮ್ಮೆ ದಾಟೋ ಹೊತ್ಗೆ ಸೊಪ್ಪು ಬಾಡ್ತದೆ ಕಣಣ್ಣ," ಅಂದೆ ನಾನು. "ಇದಾದ್ರೆ ಹತ್ತೇ ನಿಮ್ಷ."

ಮಾರುವವನು ಕೆಂಪು ದೋಣಿಯ ಮೋಟಾರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು ಹಗ್ಗ ಎಳೆದ. ಡ್ರಮ್ಮಿನ ಅರ್ಧ ನೀರು ಅಣ್ಣನ ಹೊಸ ಜುಬ್ಬದ ಮೇಲೆ ಬಿತ್ತು. "ಲೇ, ಇದು ಕೆರೆ ದಾಟಾಕೋ, ಕೆರೆ ಕುಡಿಯಾಕೋ?" ಎಂದು ಅಣ್ಣ ಹಿಂದಕ್ಕೆ ಹಾರಿದ. ಸಾಬರು ಟೋಪಿ ತೆಗೆದು ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ನನ್ನ ಕೈ ಆಗಲೇ ಆ ಹಗ್ಗದ ಮೇಲಿತ್ತು. ನನಗೆ ಆಗ ಇಪ್ಪತ್ತಮೂರು. ಡಿಗ್ರಿ ಮುಗಿಸಿ ಊರಿಗೆ ಬಂದು ಸೊಪ್ಪಿನ ಮೂಟೆ ಹೊರುತ್ತಿದ್ದೆ. ಆ ಊರಿನಲ್ಲಿ ನನ್ನದು ಎನ್ನಿಸುವ ಒಂದು ವಸ್ತು ಬೇಕಾಗಿತ್ತು. ಅದು ಕೆಂಪಗಿದ್ದರೆ ಒಳ್ಳೆಯದು. ಅಣ್ಣ ನನ್ನ ಮುಖ ನೋಡಿ ಸುಮ್ಮನೆ ಒಪ್ಪಿಬಿಟ್ಟ. ತಗಡಿನ ಎಮ್ಮೆಯನ್ನು ತಂದಿದ್ದರೆ ಪಂಪ್‌ಸೆಟ್ ತಿರುಗಿಸಿ ಗೊತ್ತಿದ್ದ ಯಾರು ಬೇಕಾದರೂ ಅದನ್ನು ಓಡಿಸಬಹುದಿತ್ತು. ಅಣ್ಣನೂ ಓಡಿಸಬಹುದಿತ್ತು. ಇದನ್ನು ನಾನು ಆ ದಿನ ಯೋಚಿಸಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಯೋಚಿಸಿದ್ದೆ. ಅದಕ್ಕೇ ಅದು ಬೇಡವಾಗಿತ್ತು.

ದೋಣಿ ಬಂದ ದಿನ ಊರೆಲ್ಲ ದಡದಲ್ಲಿ ಸೇರಿತ್ತು. ಮೂತಿಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ ನಿಂಬೆಹಣ್ಣಿನ ಪ್ರಶ್ನೆ ಎದ್ದಿತು. ಲಾರಿಗಾದರೆ ಚಕ್ರದ ಕೆಳಗೆ ಇಡಬಹುದು, ಇದಕ್ಕೆ ಎಲ್ಲಿ? ಹರಿಗೋಲಿನ ಕಾಳಯ್ಯ, ಅರವತ್ತು ದಾಟಿದವನು, ದೂರದ ಬಂಡೆಯ ಮೇಲೆ ಕೂತು ಕೂಗಿದ: "ನೀರಿಗೆ ಹಿಂಡ್ಬುಡ್ರಪ್ಪಾ, ಮೀನು ಉಪ್ಪಿನ್ಕಾಯಿ ಆಕ್ಕತವೆ!" ಎಲ್ಲರೂ ನಕ್ಕರು. ಆ ದಿನದಿಂದ ತನ್ನ ಹರಿಗೋಲಿಗೆ ಕೆಲಸವಿಲ್ಲ ಎಂದು ತಿಳಿದೂ ಅವನು ಎಲ್ಲರನ್ನೂ ನಗಿಸಿದ.

ಅತ್ತಿಗೆ ಅವತ್ತು ದೋಣಿ ಹತ್ತಿದಳೇ? ನನ್ನ ಕಣ್ಣ ಮುಂದೆ ಒಂದು ಚಿತ್ರವಿದೆ. ಹಸಿರು ಸೀರೆ, ಕೆಂಪು ದೋಣಿ, ಎರಡೂ ಕೈಯಲ್ಲಿ ಅಂಚು ಹಿಡಿದು, ಕಣ್ಣು ಮುಚ್ಚಿ, ಬಾಯಿ ತುಂಬ ನಗು. ಅದು ಎಷ್ಟು ಚೆನ್ನಾಗಿದೆಯೆಂದರೆ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಹಸಿರಿನ ಪಕ್ಕ ಕೆಂಪು ಇಟ್ಟವನು ನಾನೇ ಇರಬೇಕು, ಆಮೇಲೆ ಎಂದೋ.

ದೋಣಿಯನ್ನು ಎಲ್ಲಿ ಕಟ್ಟುವುದು ಎಂಬ ಮಾತು ಬಂದದ್ದು ಅದೇ ಸಂಜೆ, ನಮ್ಮ ಮನೆಯ ಜಗಲಿಯಲ್ಲಿ. ಊರಿನ ದಡದಲ್ಲೋ, ತೋಟದ ದಡದಲ್ಲೋ? ಕಾಳಯ್ಯ ಯಾರ ಮಾತಿಗೂ ಕಾಯಲೇ ಇಲ್ಲ.

"ಊರ್ ದಡ್ದಾಗೆ ಕಟ್ರಪ್ಪ. ನಮ್ ಬಂಡೆ ಸಂದೀಲಿ ಗಾಳಿ ಬಡಿಯಲ್ಲ. ದೋಣಿ ಜನ ಇರೋ ಕಡೆ ಇರ್ಬೇಕು, ಗಿಡ ಇರೋ ಕಡೆ ಅಲ್ಲ."

ಇಲ್ಲಿಂದ ಮುಂದೆ ನಮ್ಮ ಮನೆಯ ಕಥೆ ಹೀಗಿದೆ: ಆಗ ಅತ್ತಿಗೆ, "ಬ್ಯಾಡ, ಪೆಟ್ರೋಲ್ ವಾಸ್ನೆ ಹುಳಕ್ಕಾಗಲ್ಲ, ಆ ದಡದಾಗೇ ಇರ್ಲಿ" ಅಂದಳು, ಹುಳುವಿನ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲದ್ದರಿಂದ ಹಾಗೇ ಆಯಿತು. ನೆಂಟರು ಈ ಕಥೆ ಹೇಳಿದ್ದಾರೆ. ಅಣ್ಣ ಹೇಳಿದ್ದಾನೆ. ಅತ್ತಿಗೆಯ ಹಟ, ಹುಳುವಿನ ಮೇಲೆ ಅವಳಿಗಿದ್ದ ಪ್ರಾಣ, ಎಲ್ಲಕ್ಕೂ ಈ ಕಥೆ ಹೊಂದಿಕೊಳ್ಳುತ್ತದೆ. ಆದರೆ ನಡೆದದ್ದು ಹಾಗಲ್ಲ. ಆ ಮಾತು ಹೇಳಿದವನು ನಾನು.

"ಪೆಟ್ರೋಲ್ ವಾಸ್ನೆ ಹುಳಕ್ಕಾಗಲ್ಲ ಅಲ್ವಾ ಅತ್ಗೆ? ತೋಟದ ಕಡೇನೆ ಇರ್ಲಿ ಬುಡು," ಅಂದೆ.

ಅತ್ತಿಗೆ ಕಾಳು ಕೇರುತ್ತಿದ್ದ ಮೊರವನ್ನು ನಿಲ್ಲಿಸಿದಳು. "ಸೊಪ್ಪು ಅದೇ ದೋಣೀಲಿ ತಾನೆ ಬರೋದು?"

"ಅದು ಹತ್ ನಿಮ್ಷ. ಇಲ್ಲೇ ಕಟ್ಟಿದ್ರೆ ಹಗ್ಲೂ ರಾತ್ರಿ ವಾಸ್ನೆ."

"ಗಾಳಿ ಊರಿಂದ ನೀರಿನ್ ಕಡೆ ಬೀಸೋದು ಕಣ್ಲಾ," ಅಂದ ಕಾಳಯ್ಯ. "ನೀರಿಂದ ಊರಿನ್ ಕಡೆ ಅಲ್ಲ."

"ಗಾಳಿ ನಿನ್ ಮಾತ್ ಕೇಳ್ತದಾ?" ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಅತ್ತಿಗೆ ಮತ್ತೆ ಮೊರ ಎತ್ತಿಕೊಂಡಳು. ಹುಳುವಿನ ಹೆಸರು ಹೇಳಿದ ಮೇಲೆ ಅವಳಿಗೆ ದಾರಿಯೇ ಇರಲಿಲ್ಲ. "ಹುಳಕ್ಕಾಗಲ್ಲ ಅಂದ್ರೆ ಬ್ಯಾಡ," ಅಂದಳು. ಅವಳು ಹೇಳಿದ್ದು ಇಷ್ಟೇ. ನಾನು ಹಾಗೆ ಹೇಳಿದ್ದೇಕೆ? ದೋಣಿ ಊರಿನ ದಡದಲ್ಲಿದ್ದರೆ ನಾನು ಊರಿನಲ್ಲಿರಬೇಕು, ಕರೆದವರನ್ನೆಲ್ಲ ದಾಟಿಸಬೇಕು. ತೋಟದ ದಡದಲ್ಲಿದ್ದರೆ ಅಲ್ಲಿನ ಶೆಡ್ಡಿನಲ್ಲಿ ಮಲಗಬಹುದು, ಬೆಳಗಿನ ಸೊಪ್ಪು ಮುಟ್ಟಿಸಿ ರಸ್ತೆಗೆ ಹತ್ತಿ ರಾಮನಗರದ ಬಸ್ಸು ಹಿಡಿಯಬಹುದು. ಅಲ್ಲಿ ನನ್ನ ಗೆಳೆಯರಿದ್ದರು, ಟಾಕೀಸಿತ್ತು, ನನ್ನನ್ನು ಯಾರೂ ಸೊಪ್ಪಿನ ಮೂಟೆಯ ಜೊತೆ ನೋಡದ ಬೀದಿಗಳಿದ್ದವು. ಪೇಟೆಗೆ ಹೋಗುವಾಗ ಟ್ಯಾಂಕಿನಿಂದ ಮೋಟಾರಿಗೆ ಪೆಟ್ರೋಲ್ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದೆ. ಕಳ್ಳರ ಭಯ ಎನ್ನುತ್ತಿದ್ದೆ. ಆ ದೋಣಿಯನ್ನು ಕದಿಯುವ ಕಳ್ಳ ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಆ ವರ್ಷ ಹಸ್ತ ಮಳೆ ಹಿಡಿದು ಸುರಿಯಿತು. ನೀರು ಅಂಚಿಗೆ ಬಂತು. ಒದ್ದೆ ಸೊಪ್ಪು ಹಾಕಿದರೆ ಹುಳು ಕೆಡುತ್ತದೆಂದು ತೋಟದ ಹೆಂಗಸರು ಒಂದೊಂದು ಕಟ್ಟನ್ನೂ ಒದರಿ, ಶೆಡ್ಡಿನ ನೆರಳಲ್ಲಿ ಹರವಿ, ಆರಿದ ಮೇಲೆ ದೋಣಿಗೆ ತುಂಬುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದು ಆರು ದಿನವಾಗಿತ್ತು. ಅಂಥ ಬೆಳೆ ಅದಕ್ಕೆ ಮುಂಚೆ ನಾವು ಕಂಡಿರಲಿಲ್ಲ. ಅಷ್ಟೂ ತಟ್ಟೆಯಲ್ಲಿ ಒಂದೂ ರೋಗದ ಹುಳು ಇಲ್ಲ. ಅತ್ತಿಗೆ ನಿದ್ದೆ ಬಿಟ್ಟಿದ್ದಳು. ಅವಳಿಗೆ ಮೂರು ತಿಂಗಳಾಗಿತ್ತು. ಮದುವೆಯಾಗಿ ಏಳು ವರ್ಷಕ್ಕೆ ಮೊದಲನೆಯದು. ಅಣ್ಣನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಏಳನೇ ದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ನಾನು ಸೊಪ್ಪು ತಂದೆ. ಯಾವಾಗಲೂ ಮೂಟೆ ಇಳಿಸುವ ಮೊದಲೇ ಕೈ ತೂರಿಸಿ ಮೂಸಿ ನೋಡುತ್ತಿದ್ದ ಅತ್ತಿಗೆ ಅವತ್ತು ಮೂಟೆಯ ಮೇಲೆ ಕೂತುಬಿಟ್ಟಳು. ಮುಖ ಬೂದಿ ಬಣ್ಣಕ್ಕಿತ್ತು. ಇದನ್ನು ನಾನು ಆಗ ಕಂಡೆನೋ ಆಮೇಲೆ ಬಳಿದೆನೋ ಗೊತ್ತಿಲ್ಲ. ಅವಳ ಮಾತು ಮಾತ್ರ ನನಗೆ ಅಕ್ಷರಕ್ಕೆ ಅಕ್ಷರ ಗೊತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲವಾದ್ದರಿಂದ ಅದು ಸವೆದಿಲ್ಲ.

"ರಾಜು, ಇವತ್ತು ದೋಣಿ ಈ ಕಡೇನೆ ಇರ್ಲಿ ಕಣಪ್ಪ."

"ಯಾಕತ್ಗೆ?"

"ಸುಮ್ಕೆ. ಇರ್ಲಿ ಅಂದೆ. ನೀನೂ ಇರು."

"ನಾಳೆ ಹಣ್ಣಾಯ್ತವೆ ಅಂತ ನೀನೇ ಅಂತೀಯ. ವಾಸ್ನೆಗೆ ಒಂದ್ ತಟ್ಟೆ ಕೆಟ್ರೂ ನನ್ ತಲೆ ಮ್ಯಾಲೆ ಆಕ್ತೀಯ."

ಅವಳು ಹುಳುವಿನ ಮನೆಯ ಕಡೆ ತಿರುಗಿ ನೋಡಿದಳು. ಅವಳ ಕಾರಣ ಮೈದುನನ ಮುಂದೆ ಹೇಳುವ ಮಾತಲ್ಲ. ಗಂಡನಿಗೆ ಹೇಳಿದರೆ ಅವನು ಹುಳುವಿನ ಮನೆಯಿಂದ ಎಬ್ಬಿಸಿ ಹೊರಗೆ ಕೂರಿಸುತ್ತಾನೆ. ನಾಳೆ ಹಣ್ಣು ಆರಿಸುವವರಿಲ್ಲ. ಇದೆಲ್ಲ ಈಗ ನನಗೆ ಗೊತ್ತು. ಆಗ ನನಗೆ ಗೊತ್ತಿದ್ದದ್ದು ಹತ್ತು ಗಂಟೆಯ ಬಸ್ಸು.

"ಅಂಗಾರೆ ಓಗು," ಅಂದಳು. "ಬಿರ್ನೆ ಬಾ."

"ಸಂಜೆ ಸೊಪ್ಪಿಗೆ ಬತ್ತೀನಲ್ಲ," ಎಂದು ಹಗ್ಗ ಎಳೆದೆ.

ಆ ದಿನ ನಾನು ಮೋಟಾರಿಗೆ ಪ್ಲಗ್ ತರಲು ರಾಮನಗರಕ್ಕೆ ಹೋಗಿದ್ದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಪ್ಲಗ್ ತಂದದ್ದು ನಿಜ. ಹನ್ನೊಂದಕ್ಕೇ ತೆಗೆದುಕೊಂಡೆ. ಆಮೇಲೆ ಗೆಳೆಯರ ಜೊತೆ ಮ್ಯಾಟಿನಿಗೆ ಹೋದೆ. ಯಾವ ಸಿನಿಮಾ ಎಂದು ನೆನಪಿಸಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದ್ದೇನೆ, ಆಗಿಲ್ಲ. ಮಡಿಲಲ್ಲಿಟ್ಟುಕೊಂಡ ಚೀಲದೊಳಗೆ ರಬ್ಬರ್ ಪೈಪು ಇತ್ತು, ಅದರ ವಾಸನೆಗೆ ಮುಂದಿನ ಸೀಟಿನವನು ತಿರುಗಿ ಬೈದ. ಅಷ್ಟು ಮಾತ್ರ ಉಳಿದಿದೆ.

ಮಿಕ್ಕಿದ್ದಕ್ಕೆ ನಾನು ಸಾಕ್ಷಿಯಲ್ಲ. ಬೇರೆಬೇರೆಯವರು ಹೇಳಿದ್ದನ್ನು ಜೋಡಿಸಿದ್ದೇನೆ, ಸಂದುಗಳಲ್ಲಿ ಬೆಳಕು ಕಾಣುತ್ತದೆ.

ಹನ್ನೆರಡರ ಸುಮಾರಿಗೆ ಅತ್ತಿಗೆ ತಟ್ಟೆಗಳ ನಡುವೆ ಬಿದ್ದಳು. ಅಣ್ಣ ಎತ್ತಲು ಹೋದಾಗ ಅವನ ಕೈ ರಕ್ತವಾಯಿತು. ಅವನು ದಡಕ್ಕೆ ಓಡಿ ಪಂಚೆ ಬಿಚ್ಚಿ ಬೀಸಿದ. ಕೆಂಪು ದೋಣಿ ಎದುರಿಗೇ ಕಾಣುತ್ತಿತ್ತು. ತೋಟದ ಹೆಂಗಸರಿಗೆ ಬೀಸುವುದು ಕಂಡಿತು, ಏನೆಂದು ತಿಳಿಯಲಿಲ್ಲ. ತಿಳಿದಿದ್ದರೂ ಮೋಟಾರು ಓಡಿಸಲು ಯಾರಿಗೂ ಬರುತ್ತಿರಲಿಲ್ಲ. ಕಾಳಯ್ಯನ ಹರಿಗೋಲು ನಾಲ್ಕು ತಿಂಗಳಿಂದ ಮರಕ್ಕೆ ಒರಗಿ ನಿಂತು, ಚರ್ಮ ಒಣಗಿ ಸೀಳಿತ್ತು. ಕಾಳಯ್ಯ ತೇಲಲೆಂದು ಒಣ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಇಳಿದ. ಅರವತ್ತು ದಾಟಿದ ಮುದುಕ, ತುಂಬಿದ ನೀರು. ಗಾಳಿ ಹಿಂದಿನಿಂದ ತಳ್ಳುತ್ತಿದ್ದರಿಂದ ದಾಟಿದ. ದೋಣಿ ಹತ್ತಿ ಹಗ್ಗ ಎಳೆದ, ಎಳೆದ. ಪೈಪು ಇಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಪೈಪು ಎಂಬುದೊಂದು ಇರಬೇಕು ಎಂದೂ ಗೊತ್ತಿರಲಿಲ್ಲ. ತನಗೆ ಬರುವುದಿಲ್ಲ ಎಂದುಕೊಂಡ. ಕೊನೆಗೆ ಶೆಡ್ಡಿನ ಬಾಗಿಲಿನ ಹಲಗೆ ಕಿತ್ತು, ಅದನ್ನೇ ಹುಟ್ಟು ಮಾಡಿಕೊಂಡು, ಚೂಪು ಮೂತಿಯ ಆ ದೋಣಿಯನ್ನು ಗಾಳಿಗೆ ಎದುರಾಗಿ ಹೊಡೆದ. ಅದು ಸುತ್ತಿ ಸುತ್ತಿ ನಿಲ್ಲುತ್ತಿತ್ತಂತೆ. ಊರಿನ ದಡ ಮುಟ್ಟಿದಾಗ ಅವನ ಅಂಗೈಗಳಲ್ಲಿ ಚರ್ಮ ಇರಲಿಲ್ಲ. ದಡದಲ್ಲಿ ಯಾರೂ ಇರಲಿಲ್ಲ. ದೋಣಿ ಸುತ್ತುವುದನ್ನು ನೋಡಿ ನೋಡಿ ಅಣ್ಣ ಕಾಯಲಾರದೆ ಅತ್ತಿಗೆಯನ್ನು ಮಂಚದ ಮೇಲೆ ಹೊರಿಸಿಕೊಂಡು ಗುಡ್ಡದ ದಾರಿ ಹಿಡಿದಿದ್ದ.

ಕ್ವಾರಿಯ ಹತ್ತಿರ ಒಂದು ಕಲ್ಲಿನ ಲಾರಿ ಸಿಕ್ಕಿತು. ಲಾರಿಯವನು ಮಂಚದ ಬಟ್ಟೆ ಸರಿಸಿ ನೋಡಿ, "ಎಲ್ಲಿಗಣ್ಣ ಕರ್ಕೊಂಡೋಗ್ಲಿ? ಊರಿಗೆ ಬುಡ್ಲಾ?" ಎಂದು 'ಊರಿಗೆ' ಎಂಬುದನ್ನು ಮೆಲ್ಲಗೆ ಕೇಳಿದನಂತೆ. ಆಸ್ಪತ್ರೆಯ ಹೆಸರೆತ್ತಲಿಲ್ಲ. ಅಣ್ಣನಿಗೆ ಆಗ ತಿಳಿಯಿತು.

ರಕ್ತ ಹಿಂದಿನ ಸಂಜೆಯೇ ಶುರುವಾಗಿತ್ತೆಂದು ಹೆಣಕ್ಕೆ ನೀರು ಹಾಕಿದ ಹೆಂಗಸರು ಹೇಳಿದರು. ಒದ್ದೆ ಬಟ್ಟೆಗಳು ಹುಳುವಿನ ಹಿಕ್ಕೆಯ ಗುಡ್ಡೆಯ ಕೆಳಗೆ ಸಿಕ್ಕವು. ಮಾರನೆಯ ದಿನ ಹುಳು ಹಣ್ಣಾಯಿತು. ಮನೆಗೆ ಸೂತಕ, ನಾನೂ ಅಣ್ಣನೂ ಹುಳುವಿನ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಊರ ಹೆಂಗಸರು ಹೇಳಿಸಿಕೊಳ್ಳದೆ ಬಂದು, ಸೆರಗು ಸಿಕ್ಕಿಸಿ, ಒಂದೊಂದೇ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟರು. ಅವರು ಅಳುತ್ತಲೇ ಆರಿಸಿದರು. ತಪ್ಪಾಗಿ ಆರಿಸಿದರೋ ಸರಿಯಾಗಿ ಆರಿಸಿದರೋ, ನಮ್ಮ ಮನೆಯಲ್ಲಿ ಅಂಥ ಗೂಡು ಎಂದೂ ಆಗಿರಲಿಲ್ಲ. ಮಾರುಕಟ್ಟೆಯಲ್ಲಿ ಬಾಬಾಜಾನ್ ಸಾಬರು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ವ್ಹಾ! ಏನ್ ತಿನ್ಸಿದ್ರು ಅಮ್ಮಾವ್ರು? ಚೆನ್ನಾಗವ್ರಾ?" ಅಂದರು. ನಾನು ಉತ್ತರ ಹೇಳುವ ಮೊದಲು ನನ್ನ ಬೋಳು ತಲೆ ಅವರಿಗೆ ಕಂಡಿತು. ಕೈಯಲ್ಲಿದ್ದ ಗೂಡುಗಳನ್ನು ಒಂದೂ ಉರುಳದ ಹಾಗೆ ತಟ್ಟೆಗೆ ಇಳಿಸಿ, ಅವರು ಅಲ್ಲೇ ನೆಲದ ಮೇಲೆ ಕೂತರು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬರುವಾಗ ದಾರಿಯಲ್ಲಿ ಅಣ್ಣ ನಿಂತ.

"ಅವತ್ ಬೆಳಿಗ್ಗೆ ಸೊಪ್ಪಿಳಿಸ್ವಾಗ ಏನಾರ ಅಂದ್ಲೇನ್ಲಾ ಅವ್ಳು?"

"ಇಲ್ಲ ಕಣಣ್ಣ."

"ನೋವು ಗೀವು ಅಂತ?"

"ಏನೂ ಇಲ್ಲ."

ಹನ್ನೊಂದನೆಯ ದಿನ ನೆಂಟರು ಕೂತು, ದೋಣಿಯನ್ನು ಆ ದಡದಲ್ಲಿ ಯಾಕೆ ಕಟ್ಟುತ್ತಿದ್ದಿರಿ ಎಂದು ಕೇಳಿದರು. ಯಾರೋ ಉತ್ತರ ಹೇಳಬೇಕಿತ್ತು. ಕಾಳಯ್ಯ ಅಲ್ಲೇ ಕಂಬಕ್ಕೆ ಒರಗಿ, ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ಅತ್ಗೇನೆ ಅಂದಿದ್ದು," ಅಂದೆ, "ಹುಳಕ್ಕಾಗಲ್ಲ ಅಂತ." ಕಾಳಯ್ಯ ನನ್ನನ್ನು ನೋಡಿದ. ಆಮೇಲೆ ಎದ್ದು ಹೋದ. ಸಾತನೂರಿನ ಕಡೆ ಮಗಳ ಮನೆ ಸೇರಿದನಂತೆ, ಮತ್ತೆ ನಮ್ಮೂರಿಗೆ ಬರಲಿಲ್ಲ.

ದೋಣಿಯನ್ನು ಆಮೇಲೆ ಯಾರೂ ಓಡಿಸಲಿಲ್ಲ. ಕಡ್ಡಿ ತೋಟ ಇನ್ನೂ ಕೆಲವು ವರ್ಷ ಇತ್ತು. ಬೆಲೆ ಬಿತ್ತು, ಏರಿತು, ಮತ್ತೆ ಬಿತ್ತು. ಅಣ್ಣ ಇನ್ನೊಂದು ಮದುವೆಯಾಗಲಿಲ್ಲ. ಮೊದಲು ಅತ್ತ. ಆಮೇಲೆ ಅಳುವುದು ನಿಂತು ಕೋಪ ಬಂತು, ಅದು ನಿಲ್ಲಲಿಲ್ಲ. ಅತ್ತಿಗೆಯ ಫೋಟೋವನ್ನು ಗೋಡೆಗೆ ಹಾಕಿಸಲಿಲ್ಲ. "ಹುಳದ್ ಮುಂದೆ ನಾನ್ಯಾವ ಲೆಕ್ಕ ಅವ್ಳಿಗೆ? ಅವ್ಳೇ ದೋಣಿ ಆಚೆಗೆ ಕಳ್ಸಿದ್ಲು, ಅವ್ಳೇ ಬಾಯಿ ಮುಚ್ಕೊಂಡ್ಲು," ಎನ್ನುತ್ತಿದ್ದ. ಮದುವೆಮನೆಗಳಲ್ಲಿ ಹೇಳಿದ, ತಿಥಿಗಳಲ್ಲಿ ಹೇಳಿದ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ. ನಾನು ಪ್ರತಿ ಸಲವೂ ಅಲ್ಲೇ ಇದ್ದೆ. ಸತ್ತವಳ ಮೇಲೆ ಬದುಕಿದವನ ಕೋಪ ಬೆಳೆಯುವುದನ್ನು, ಅದಕ್ಕೆ ಸೊಪ್ಪು ಹಾಕುತ್ತಿರುವವನು ನಾನೇ ಎಂಬುದನ್ನು ನೋಡುತ್ತಾ ಇದ್ದೆ. ಹೇಳಲು ಒಳ್ಳೆಯ ದಿನಕ್ಕೆ ಕಾಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ.

ಅಣ್ಣ ಹೋಗಿ ಈಗ ಎಂಟು ವರ್ಷ. ಕೊನೆಯ ತಿಂಗಳು ಅವನಿಗೆ ನಾನೇ ಊಟ ತಿನ್ನಿಸುತ್ತಿದ್ದೆ. ಒಂದು ಮಧ್ಯಾಹ್ನ ಅನ್ನ ಬೇಡವೆಂದು ಮುಖ ತಿರುಗಿಸಿ ಸೂರು ನೋಡುತ್ತಾ ಮಲಗಿದ್ದ. ದನಿ ತೀರ ಸಣ್ಣದಾಗಿತ್ತು. ಕೋಪ ಇರಲಿಲ್ಲ. ಅದು ಎಲ್ಲಿ ಇಳಿದುಹೋಗಿತ್ತೋ, ಅದರ ಕೆಳಗಿದ್ದದ್ದು ಮೊದಲ ಸಲ ಕಂಡಿತು.

"ನಂಗೆ ಏಳ್ದೆ ಇದ್ರೆ ಓಗ್ಲಿ," ಅಂದ. "ನಿಂಗಾದ್ರೂ ಒಂದ್ ಮಾತು ಏಳ್ಬೋದಾಗಿತ್ತು ಕಣ್ಲಾ ಅವ್ಳು. ಒಂದೇ ಒಂದ್ ಮಾತು."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ನನ್ನ ಕಡೆಗೆ ಕಣ್ಣು ತಿರುಗಿಸಿ ಕಾದ. ನಾನು ಒಂದು ಚಮಚ ನೀರು ಅವನ ಬಾಯಿಗೆ ಬಿಟ್ಟು, ಗಲ್ಲದ ಮೇಲೆ ಇಳಿದದ್ದನ್ನು ಒರೆಸಿದೆ.

"ಊಂ ಕಣಣ್ಣ," ಅಂದೆ. "ಏಳ್ಬೋದಾಗಿತ್ತು."